ಹೊಟ್ಟೆಗೆ ಆಪರೇಷನ್, ಭುಜಕ್ಕೆ ನೋವು

ಅಕ್ಕ ಬಂದಿದ್ದಳೋ ಇಲ್ಲವೋ, ಅದೊಂದು ಗೊತ್ತಾಗಿದ್ದರೆ ಸಾಕಿತ್ತು ನನಗೆ. ಪಿತ್ತಕೋಶ ತೆಗೆದದ್ದು, ಹೊಟ್ಟೆಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿದ್ದು, ಎಲ್ಲ ಆಮೇಲಿನ ಮಾತು. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂಬ ಜಗಳವಾದಾಗಿನಿಂದ ವರ್ಷಗಟ್ಟಲೆ ನನ್ನ ಮುಖ ನೋಡದವಳು, ನಾನು ಮಂಪರಿನಲ್ಲಿದ್ದಾಗ ಕೈ ಹಿಡಿದು, "ಭುಜ ನೋಯುತ್ತೆ, ಹೆದರ್ಬೇಡ. ಎದ್ದು ನಡೆದಾಡು" ಅಂದಿದ್ದಳು.

"ರೀ, ಅಕ್ಕ ಎಲ್ಲಿ?" ಎಂದು ಗಂಡನನ್ನು ಕೇಳಿದೆ.

"ಯಾವ ಅಕ್ಕ? ಯಾರೂ ಬಂದಿಲ್ಲ. ನಿಂಗಿನ್ನೂ ಮಂಪರು ಇಳಿದಿಲ್ಲ, ಮಲಕ್ಕೋ."

ಆಪರೇಷನ್ ಹೊತ್ತಿಗೆ ಈ ಮಹಾನುಭಾವ ಕ್ಯಾಂಟೀನಿನಲ್ಲಿ ಠಿಕಾಣಿ ಹೂಡಿದ್ದರು. ಇವರ ಸಾಕ್ಷಿ ಯಾರಿಗೆ ಬೇಕು! ಆದರೂ ಕನಸೇ ಇರಬೇಕು ಅನ್ನಿಸಿತು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು? ತಲೆಬುಡವಿಲ್ಲದ ಮಾತು.

ಸಂಜೆ ಬಲಭುಜ ಕಿತ್ತುಬರುವಂತೆ ನೋಯತೊಡಗಿತು. ಅಯ್ಯೋ, ಅಕ್ಕ ಹೇಳಿದ ಹಾಗೇ ಆಯಿತಲ್ಲ! ನರ್ಸಮ್ಮನನ್ನು ಕೂಗಿದೆ.

"ಅದು ಗ್ಯಾಸ್ ಕಣಮ್ಮ. ಕ್ಯಾಮೆರಾ ಬಿಡೋಕೆ ಹೊಟ್ಟೆ ಉಬ್ಬಿಸಿರ್ತಾರೆ. ಒಳಗೆ ಉಳಿದಿದ್ದು ಭುಜಕ್ಕೆ ನೋವು ಕೊಡುತ್ತೆ. ನಡೆದಾಡಿ, ಹೋಗುತ್ತೆ."

"ಇದನ್ನ ಬೆಳಿಗ್ಗೆ ನೀವೇ ಹೇಳಿದ್ರಾ?"

"ನಾನೀಗ ತಾನೇ ಡ್ಯೂಟಿಗೆ ಬಂದೆ."

ಡಾಕ್ಟರೇ ಮೊದಲು ಹೇಳಿದ್ದರೋ ಏನೋ. ಹೆದರಿಕೆಯಲ್ಲಿ ನಾನು ಹೂಂ ಹೂಂ ಅಂದಿದ್ದೆ, ಒಂದಕ್ಷರವೂ ತಲೆಗೆ ಹೋಗಿರಲಿಲ್ಲ. ಆದರೆ ಕೈ ಹಿಡಿದಿದ್ದು ಡಾಕ್ಟರಲ್ಲವಲ್ಲ! ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕಾರಿಡಾರಿನ ಗೋಡೆ ಹಿಡಿದು ನಡೆಯುತ್ತಲೇ ಗಂಡನ ಫೋನು ಕಿತ್ತುಕೊಂಡು ಅಕ್ಕನಿಗೆ ಹಚ್ಚಿದೆ. ಎತ್ತಿದವಳು ಹಲೋ ಕೂಡ ಅನ್ನಲಿಲ್ಲ.

"ನಡೆದಾಡಿದ್ಯಾ?"

"ಭುಜದ ವಿಷಯ ನಿಂಗೆ ಹೇಗೆ ಗೊತ್ತು?"

"ಹೋದ ವರ್ಷ ನಂದೂ ತೆಗೆದ್ರು."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಭುಜ ಹಿಡ್ಕೊಂಡಾಗ ಹಾರ್ಟೇ ಹೋಯ್ತು, ಸತ್ತೆ ಅಂದ್ಕೊಂಡೆ. ನಿಂಗೂ ಅದೇ ಆಪರೇಷನ್ ಅಂತ ನೆಂಟರ ಬಾಯಲ್ಲಿ ಕೇಳ್ದೆ. ನೀನು ಮೊದಲೇ ಪುಕ್ಕಲಿ, ಹೇಳಿ ಹೋಗೋಣ ಅಂತ ಬಂದೆ. ಈಕೆ ಕಡೆಯೋರು ಯಾರು ಅಂತ ನರ್ಸು ಕೂಗಿದ್ಲು. ನಿನ್ ಗಂಡ ಕಾಣ್ಲಿಲ್ಲ. ನಾನೇ ಅಂದೆ."

"ಮತ್ಯಾಕೆ ಹೋದೆ?"

"ಎಚ್ಚರಾದ್ರೆ ಹೋಗು ಅಂತೀಯೇನೋ ಅಂತ."

ನಾನು ಅಳುತ್ತಿದ್ದೆ. ಅತ್ತರೆ ಹೊಟ್ಟೆಯ ಗಾಯ ಚುರ್ ಅನ್ನುತ್ತಿತ್ತು.

"ಈಗೆಲ್ಲಿದ್ದೀಯ?"

"ಇಲ್ಲೇ. ಕೆಳಗೆ, ಗೇಟಿನ ಹತ್ರ."

"ಬೆಳಿಗ್ಗೆಯಿಂದ?"

"ಹೂಂ."

"ಮೇಲೆ ಬಾರೇ ಮಾರಾಯ್ತಿ," ಅಂದೆ. "ನಂಗೆ ಒಬ್ಬಳೇ ನಡೆಯೋಕಾಗ್ತಿಲ್ಲ."