ಮೇಣದ ಮೂಗು

ಬಿಸಿನೀರಿನ ಬಟ್ಟೆಯ ಜೊತೆಗೇ ಅವ್ವನ ಮೂಗೂ ಪಕೀರಮ್ಮನ ಕೈಗೆ ಬಂತು.

ಸಿಂಧೂರದ ಹೆಂಟೆ ಇರಬೇಕು ಎಂದುಕೊಂಡಳು ಮೊದಲು. ತಲೆತಲಾಂತರದಿಂದ ಬಳಿದ ಎಣ್ಣೆ-ಸಿಂಧೂರ ಕಲ್ಲಿನ ಮೇಲೆ ಬೆರಳು ದಪ್ಪ ಕೂತಿತ್ತು. ಬೆಳಗಿನಿಂದ ಕೆರೆದೂ ಕೆರೆದೂ ಅವಳ ರಟ್ಟೆ ಬಿದ್ದುಹೋಗಿತ್ತು. ಆದರೆ ಅಂಗೈಯಲ್ಲಿದ್ದದ್ದು ಜೇನುಮೇಣ. ಎರಡು ಹೊಳ್ಳೆ ತಿದ್ದಿ ಮಾಡಿದ ಮೂಗು. ಒಳಮೈಯಲ್ಲಿ ಯಾರದೋ ಸಣ್ಣ ಹೆಬ್ಬೆರಳಿನ ಗುರುತು. ತಲೆಯೆತ್ತಿ ನೋಡಿದರೆ ದುರುಗವ್ವನ ಮುಖದ ನಡುವೆ ಮುರಿದ ಒರಟು ಕಲ್ಲು.

"ಅವ್ವಗ ಬಿಸಿನೀರು ಹಾಕಬ್ಯಾಡಬೇ, ತಂಪಿನ ದೇವರು" ಎಂದು, ಗುಡಿಯ ಪೂಜೆಯನ್ನು ಇವಳಿಗೆ ಒಪ್ಪಿಸಿ ಸಾಯುವ ಹೊತ್ತಿನಲ್ಲೂ ಅತ್ತೆ ಹೇಳಿದ್ದಳು. ಅದು ಮಡಿಯ ಮಾತೆಂದು ಪಕೀರಮ್ಮ ಇಷ್ಟು ವರ್ಷ ನಂಬಿದ್ದಳು. ಮುದುಕಿ ಗುಟ್ಟನ್ನು ಗುಟ್ಟೆಂದು ಹೇಳದೆ ದೇವರ ಮೇಲೆ ಹಾಕಿ ಹೋಗಿದ್ದಳಲ್ಲ! ಭಿನ್ನವಾದ ಮೂರ್ತಿಗೆ ದೀಪ ಹಚ್ಚುವಂತಿಲ್ಲ, ನೀರಿಗೆ ಬಿಡಬೇಕು. ಊರಿಗೆ ಗೊತ್ತಾದರೆ ಅವ್ವ ಹೋದಳು. ಗಂಡ ಮಕ್ಕಳು ಯಾರೂ ಇಲ್ಲದ ಪಕೀರಮ್ಮನಿಗೆ ಬೆಳಗಾದರೆ ಮಾತಾಡಿಸಲು ಇದ್ದವಳು ಅವಳೊಬ್ಬಳೇ.

ಇದಕ್ಕೆಲ್ಲ ಕಾರಣ ಲಿಂಗಸುಗೂರಿನ ದಂಡಿನ ಛಾವಣಿಯ ಬಿಳಿ ದೊರೆ. ಅವನಿಗೆ ಹಳೇ ಗುಡಿಗಳ ಚಿತ್ರ ಬರೆಯುವ ಹುಚ್ಚು. ಮಸ್ಕಿಯ ಗುಡ್ಡ ಬರೆದಾಗಿತ್ತು, ಗುರುಗುಂಟಾದ ಕಂಬ ಬರೆದಾಗಿತ್ತು. ಈಗ ಸಂತೆಕಲ್ಲೂರಿನ ಆಚೆಯ ಈ ಊರಿಗೆ ಡೇರೆ ಹೊತ್ತು ಬಂದಿದ್ದ. ಸಿಂಧೂರ ತೆಗೆಸಿ, ಕಲ್ಲು ಕಾಣಬೇಕು ಎಂದ. ಗೌಡ ಮಾಳಿಂಗಪ್ಪ ಹ್ಞೂಂ ಎಂದ. ದೊರೆಗೆ ಒಲ್ಲೆ ಎನ್ನುವ ಗಂಡಸು ನಿಜಾಮನ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಒಳಗೆ ಬಂದ ದೊರೆ ಮೂರ್ತಿಯನ್ನು ನೋಡಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಪಕೀರಮ್ಮ ಅವ್ವನ ಮುಖಕ್ಕೆ ಸೆರಗು ಹಿಡಿದು ನಿಂತಳು. ಆಚೆ ಸರಿ ಎಂದು ಅವನು ಕೈಸನ್ನೆ ಮಾಡಿದ. ಅವನ ಜೊತೆ ದುಭಾಷಿಯಾಗಿ ಬಂದಿದ್ದ ದಾವಲ್‌ಸಾಬನಿಗೆ ಅವಳು ಕೈಮುಗಿದಳು.

"ದಾವಲಣ್ಣ, ನಿನ್ನ ಕಾಲು ಹಿಡೀತೀನಿ. ಮೂಗು ಮುರದಿಲ್ಲ ಅನ್ನೂವಂಗ ಬರಿಯಾಕ ಹೇಳು."

ದಾವಲ್‌ಸಾಬ್ ಹೇಳಿದ. ದೊರೆ ನಕ್ಕು ಏನೋ ಅಂದ.

"ಕಂಡದ್ದು ಕಂಡಂಗ ಬರೀತೀನಿ ಅಂತಾನಬೇ. ನೀ ಯಾಕ ಹೆದರ್ತಿ? ಕಾಗದ ಬಿಲಾಯತಿಗೆ ಹೋಗ್ತೈತಿ. ಅಲ್ಲಿ ನಿಮ್ಮವ್ವನ ಮೂಗು ಕೇಳೋರು ಯಾರು?"

ಹೌದಲ್ಲ ಅನ್ನಿಸಿತು. ಗುಡಿಯ ಎತ್ತರ ತಿಳಿಯಲು ಚಿತ್ರದಲ್ಲಿ ಒಬ್ಬ ಮನುಷ್ಯ ಬೇಕಂತೆ. ದೊರೆ ಅವಳನ್ನೇ ಕಂಬದ ಬುಡದಲ್ಲಿ ಕೂರಿಸಿದ. ಮೂಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಹೊತ್ತು ಇಳಿಯುವವರೆಗೆ ಅವಳು ಅಲುಗಾಡದೆ ಕೂತಳು.

ಅವನು ಡೇರೆಗೆ ಹೋದ ಮೇಲೆ ಮೇಣದ ಅಂಚನ್ನಷ್ಟೇ ದೀಪಕ್ಕೆ ಹಿಡಿದು ಕಲ್ಲಿಗೆ ಒತ್ತಿದಳು. ಎಣ್ಣೆ ಸುರಿದು, ಮನೆಯಲ್ಲಿದ್ದ ಸಿಂಧೂರವನ್ನೆಲ್ಲ ಮೆತ್ತಿದಳು. ಅವ್ವ ಮತ್ತೆ ಅವ್ವನಾದಳು. "ತಪ್ಪಾತಬೇ, ಹೊಟ್ಟಿಗೆ ಹಾಕ್ಕೋ" ಎಂದು ಗಲ್ಲ ಗಲ್ಲ ಬಡಿದುಕೊಂಡಳು.

ಕೆಟ್ಟವನಾಗಿದ್ದರೆ ದೊರೆ ಹಾಗೇ ಹೋಗಿಬಿಡುತ್ತಿದ್ದ. ಒಳ್ಳೆಯವನು, ಅದೇ ಹಾಳಾಯಿತು. ಮರುದಿನ ಡೇರೆ ಕೀಳುವ ಮುಂಚೆ, ಉಪ್ಪು ರೊಟ್ಟಿ ಕೊಟ್ಟ ಊರಿಗೆ ತಾನು ಬರೆದ ಚಿತ್ರ ತೋರಿಸದೆ ಹೋಗಬಾರದೆಂದು ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕರೆಸಿದ. ಜನ ಮುಗಿಬಿದ್ದರು. ತಮ್ಮ ಗುಡಿ! ತಮ್ಮ ಬೇವು! ಗೌಡನ ತಾಯಿ ವೀರಭದ್ರಮ್ಮ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದಳು.

"ಯಪ್ಪಾ, ಅವ್ವಗ ಮೂಗs ಇಲ್ಲಲ್ಲೋ?"

"ದೊರಿ ತಪ್ಪು ಬರ್ದಾನ್ರೀ" ಎಂದಳು ಪಕೀರಮ್ಮ. ದನಿ ಅವಳಿಗೇ ಕೇಳಿಸಲಿಲ್ಲ.

ದಾವಲ್‌ಸಾಬನಿಗೆ ರೋಷ ಬಂತು. ತನ್ನ ದೊರೆಯನ್ನು ಬೈದರೆ ಅವನು ಸಹಿಸುತ್ತಿರಲಿಲ್ಲ. "ಕಂಬದ ಬಿರುಕು ತಪ್ಪಿಲ್ಲ, ನಿನ್ನ ಹಣಿ ಮ್ಯಾಲಿನ ಹಳೀ ಗಾಯ ತಪ್ಪಿಲ್ಲ. ಮೂಗೊಂದು ತಪ್ಪ್ಯಾನೇನಬೇ?" ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು.

ಜನ ಚಿತ್ರದಲ್ಲಿದ್ದ ಪಕೀರಮ್ಮನನ್ನೂ ನಿಂತಿದ್ದ ಪಕೀರಮ್ಮನನ್ನೂ ನೋಡಿದರು. ಹಣೆಯ ಗಾಯ ಎರಡೂ ಕಡೆ ಒಂದೇ ಇತ್ತು.

ಮಾಳಿಂಗಪ್ಪ ಗುಡಿಯೊಳಗೆ ಹೋಗಿ, ಅವ್ವನಿಗೆ ಅಡ್ಡಬಿದ್ದು, ಮೂಗಿಗೆ ಹೆಬ್ಬೆರಳು ಇಟ್ಟ. ಅದು ಬಂತು. ಮೇಣವನ್ನು ಪಕೀರಮ್ಮನ ಅಂಗೈಯಲ್ಲಿಟ್ಟು ಮುಖ ತಿರುವಿದ.

"ನನ್ನ ಕೈಯಾಗ ಏನೈತಿ ಪಕೀರಮ್ಮ? ಹಿರ್‍ಯಾರು ಹಾಕಿದ ದಾರಿ."

"ಇಷ್ಟು ದಿನ ಮೂಗಿಲ್ಲದs ಕಾದಾಳಲ್ರೀ ಗೌಡ್ರ, ಊರು ಹಾಳಾತೇನ್ರೀ?"

ಅಷ್ಟರಲ್ಲಿ ಹಗ್ಗ ತಂದಿದ್ದರು.

ನಾಲ್ವರು ಅವ್ವನನ್ನು ಬಡಿಗೆಗೆ ಕಟ್ಟಿ ಮಸ್ಕಿ ಹಳ್ಳದ ಮಡುವಿಗೆ ಹೊತ್ತರು. ಬಾಜಾಬಜಂತ್ರಿ ಇಲ್ಲ. ದಂಡೆಯ ಮೇಲೆ ಹೊರಟಿದ್ದ ದೊರೆ ಕುದುರೆ ನಿಲ್ಲಿಸಿದ. ಊರ ಹಬ್ಬ ಅಂದುಕೊಂಡನೋ ಏನೋ, ಇಳಿದು ಕಾಗದ ಬಿಚ್ಚಿದ. ದಾವಲ್‌ಸಾಬ್ ಏನನ್ನೂ ಹೇಳದೆ ತಲೆ ತಗ್ಗಿಸಿ ನಿಂತ. ಪಕೀರಮ್ಮ ಒಂದು ಸಲ ಅತ್ತ ನೋಡಿದಳು. ದೊರೆಯ ಭಾಷೆ ಅವಳಿಗೆ ಬರುತ್ತಿರಲಿಲ್ಲ.

ಅವ್ವನನ್ನು ಬಿಟ್ಟ ಮಡುವಿನ ರಾಡಿ ಕೂತು ನೀರು ತಿಳಿಯಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಎಲ್ಲರೂ ಹೋಗಿದ್ದರು. ಅವಳು ಮುಷ್ಟಿ ಬಿಚ್ಚಿದಳು. ಒಂದು ಕೆಂಪು ಮುದ್ದೆ ಇತ್ತು. ಹಳೆಯ ಹೆಬ್ಬೆರಳಿನ ಗುರುತಿಗಾಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೇಣದ ತುಂಬ ಅವಳವೇ ಬೆರಳು ಮೂಡಿದ್ದವು.