ಅಕ್ಕಸಾಲಿಗನ ಇನ್‌ಹೇಲರ್

"ಈ ಔಷಧೀಲಿ... ಏನೂ ಇಲ್ಲ ಕಣೇ. ಬರೀ... ಮೋಸ!"

ಅಕ್ಕಸಾಲಿಗ ಇನ್‌ಹೇಲರನ್ನು ಕೆಲಸದ ಮಣೆಯ ಮೇಲೆ ಕುಕ್ಕಿದ. ಅಷ್ಟು ಮಾತಾಡುವುದರಲ್ಲೇ ಅವನಿಗೆ ಏದುಸಿರು. ಹೆಂಡತಿಗೆ ರೇಗಿಹೋಯಿತು. ಬೆಂಕಿಯ ಹೊಗೆ, ಜೊತೆಗೆ ಬೀಡಿ, ಎರಡೂ ಸೇರಿ ಶ್ವಾಸಕೋಶ ಕೆಡಿಸಿದ್ದವು. ಬೀಡಿ ಬಿಡಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು. ಈಗ ಇದೊಂದು ಹೊಸ ರಾಗ. ಸ್ನಾನ ಮಾಡಿ ಬಂದರೂ ಗೋಡೆ ಹಿಡಿದು ನಿಲ್ಲುತ್ತಾನೆ. ಒಂದು ದಿನ ಇವನ ಉಸಿರೇ ನಿಂತುಹೋದರೆ ಎಂಬ ಭಯ ಅವಳಿಗೆ. ಆ ಭಯವೇ ಸಿಟ್ಟಾಗಿ ಬಾಯಿಗೆ ಬರುತ್ತಿತ್ತು.

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ನಡೀರಿ, ನರ್ಸಮ್ಮನ್ನೇ ಕೇಳೋಣ," ಎಂದು ಆಸ್ಪತ್ರೆಗೆ ಹೊರಡಿಸಿದಳು.

"ಹೇಗೆ ತಗೋತೀರಿ? ನನ್ನೆದುರಿಗೇ ತೋರಿಸಿ ಯಜಮಾನ್ರೇ," ಎಂದರು ನರ್ಸಮ್ಮ.

ಅವನು ಪುಡಿ ತುಂಬಿದ ಕ್ಯಾಪ್ಸೂಲನ್ನು ಇನ್‌ಹೇಲರ್ ಒಳಗಿಟ್ಟು, ಮುಚ್ಚಿ, ಗುಂಡಿ ಒತ್ತಿ ತೂತು ಮಾಡಿದ. ಆಮೇಲೆ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಊದುಗೊಳವೆಯಲ್ಲಿ ಬೆಂಕಿ ಊದುವ ಹಾಗೆ ಊದಿದ. ಬಿಳಿ ಪುಡಿ ಗಾಳಿಗೆ ಹಾರಿಹೋಯಿತು.

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಇಷ್ಟು ದಿನ ಹೊಳೇಲಿ ಹುಣಸೇಹಣ್ಣು ತೊಳೆದ್ರಲ್ರೀ!"

"ಬಾಯಿಗಿಟ್ರೆ ಊದೋದೇ ಅಲ್ವೇನೇ? ಮೀಸೆ ಚಿಗುರಿದಾಗಿಂದ ಅದನ್ನೇ ಮಾಡಿದ್ದೀನಿ!"

ನರ್ಸಮ್ಮ ನಗು ತಡೆದುಕೊಂಡು ಇನ್ನೊಂದು ಕ್ಯಾಪ್ಸೂಲ್ ಹಾಕಿಸಿದರು. "ಮೊದಲು ಪಕ್ಕಕ್ಕೆ ತಿರುಗಿ ಉಸಿರು ಪೂರ್ತಿ ಬಿಡಿ. ಈಗ ಇದನ್ನ ಬಾಯಿಗಿಟ್ಟು ತುಟಿ ಬಿಗಿಯಾಗಿ ಮುಚ್ಚಿ, ನಿಧಾನವಾಗಿ, ಆಳವಾಗಿ ಒಳಕ್ಕೆ ಎಳೀರಿ. ಸ್ವಲ್ಪ ಹೊತ್ತು ಉಸಿರು ಹಿಡೀರಿ. ಪುಡಿ ಉಳಿದಿರುತ್ತೆ, ಇನ್ನೊಂದ್ಸಲ ಎಳೀರಿ. ಬಿಗಿದುಕೊಂಡಿರೋ ಉಸಿರಿನ ದಾರಿ ಸಡಿಲ ಆಗುತ್ತೆ."

"ಎದೆ ಬಿಗಿದಾಗ ಮಾತ್ರ ತಗೊಂಡ್ರೆ ಸಾಲ್ದಾ?" ಎಂದ ಅಕ್ಕಸಾಲಿಗ.

"ಸಾಲಲ್ಲ. ದಿನಾ ಒಂದೇ ಹೊತ್ತಿಗೆ ತಗೋಬೇಕು. ದಿಢೀರ್ ಅಂತ ಉಸಿರು ಕಟ್ಟಿದ್ರೆ ಡಾಕ್ಟ್ರು ಕೊಟ್ಟಿರೋ ಇನ್ನೊಂದು ಇನ್‌ಹೇಲರ್ ಇದೆಯಲ್ಲ, ಅದು. ಇದರಿಂದ ಬಾಯಿ ಒಣಗಿದ್ರೆ ನೀರು ಗುಟುಕರಿಸಿ. ಕಣ್ಣು ನೋವಾದ್ರೆ, ಮಂಜಾದ್ರೆ, ಮೂತ್ರ ಕಟ್ಟಿದ್ರೆ ತಕ್ಷಣ ಬನ್ನಿ."

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಹೆಂಡತಿಯ ಮೇಲೆ ಹರಿಹಾಯ್ದ. "ನನ್ನ ಚಿಮಟ ಎಲ್ಲಿಟ್ಟೆ, ಎಷ್ಟು ಸಲ ಹೇಳಿದ್ದೀನಿ ನನ್ನ ಸಾಮಾನು ಮುಟ್ಟಬೇಡ ಅಂತ, ನಿಂಗೆ ಕಿವಿ ಇದೆಯೋ ಇಲ್ವೋ!"

ಅವಳು ಬಾಯಿ ತೆರೆದವಳು ಹಾಗೇ ನಿಂತಳು. ಅಷ್ಟನ್ನೂ ಅವನು ಒಂದೇ ಉಸಿರಿಗೆ ಬೈದಿದ್ದ.

"ಇನ್ನೊಂದ್ಸಲ ಬೈಯ್ರೀ," ಎಂದಳು, ಕಣ್ಣೊರೆಸಿಕೊಳ್ಳುತ್ತ.

ನಿಮ್ಮ ಮನೆಯಲ್ಲೂ ಇನ್‌ಹೇಲರ್ ಇದೆಯೇ? ಔಷಧಿಯನ್ನು ಬೈಯುವ ಮೊದಲು ಅದನ್ನು ಆಸ್ಪತ್ರೆಗೆ ಕೊಂಡೊಯ್ದು, ಹೇಗೆ ಸೇದುತ್ತೀರೆಂದು ತೋರಿಸಿ. ಅದರ ಕ್ಯಾಪ್ಸೂಲನ್ನು ನುಂಗಬೇಡಿ. ಹುಷಾರಾದೆನೆಂದು ನೀವಾಗಿಯೇ ನಿಲ್ಲಿಸಲೂ ಬೇಡಿ.