ಸಿಹಿ ಅಂಟು

ಪಾತ್ರೆಯ ತಳದಲ್ಲಿ ಉಳಿದಿದ್ದ ಅಂಟಿನ ಚೂರನ್ನು ಉಗುರಿನಿಂದ ಕಿತ್ತು ಹಲ್ಲಿನ ನಡುವೆ ಇಟ್ಟುಕೊಂಡೆ. ದೋಣಿ ರಿಪೇರಿಯವರಾದ ನಮಗೆ ಇದು ರೂಢಿ. ಒಳ್ಳೆಯ ಅಂಟು ಕಹಿ ಇರಬೇಕು. ಇದು ಸಿಹಿಯಾಗಿತ್ತು.

ಥೂ ಎಂದು ಉಗಿದೆ.

ಜೌಗಿನಲ್ಲಿ ನಿಂತಿರುವ ಹಾಲುಮರಕ್ಕೆ ಕಚ್ಚು ಹಾಕಿದರೆ ಬಿಳಿ ಹಾಲು ಇಳಿಯುತ್ತದೆ. ಅದನ್ನು ಕುದಿಸಿ, ನಾರಿನೊಡನೆ ಕಲಸಿ, ದೋಣಿಯ ಹಲಗೆಗಳ ಸಂದಿಗೆ ಮೆತ್ತುತ್ತೇವೆ. ಆದರೆ ಮರದಲ್ಲಿ ಹಣ್ಣಿರುವಾಗ ಯಾರೂ ಕತ್ತಿ ತಾಗಿಸುವುದಿಲ್ಲ. ಆಗಿನ ಹಾಲು ಸಿಹಿ. ಅದರ ಅಂಟು ನೆರಳಲ್ಲಿ ಕಲ್ಲು, ಬಿಸಿ ತಾಗಿದರೆ ಬೆಣ್ಣೆ. ಬೇಸಿಗೆಯಲ್ಲಿ ನಮ್ಮ ಜೌಗಿನ ನೀರೋ, ಹತ್ತು ಗಂಟೆಗೇ ಸ್ನಾನದ ನೀರು.

ಆ ಅಂಟು ಮೆತ್ತಿದ ದೋಣಿಯಲ್ಲೇ ನನ್ನ ಮಗಳು ಅರ್ಧ ಗಂಟೆ ಮೊದಲು ಹೊರಟಿದ್ದಳು. ಎಂಟು ತಿಂಗಳ ಬಸುರಿ, ಆಚೆ ದಡದ ಆಸ್ಪತ್ರೆಗೆ ತೋರಿಸಿಕೊಳ್ಳಲು. ಹುಟ್ಟು ಹಾಕುತ್ತಿದ್ದವರು ನಮ್ಮ ಯಜಮಾನರು. ಅವರಿಗೆ ಕಿವಿ ಕೇಳುವುದಿಲ್ಲ.

"ಅಳಿಯಂದ್ರೇ, ಈ ಹಾಲು ಯಾವತ್ತು ಇಳಿಸಿದ್ದು?"

"ಮೊನ್ನೆ, ಅತ್ತೆ. ಇವಳು ಹಣ್ಣು ಬೇಕೇ ಬೇಕು ಅಂತ ಹಟ ಹಿಡಿದಳಲ್ಲ, ಕೀಳೋಕೆ ಹೋಗಿದ್ದೆ. ಹೇಗೂ ಬಂದಿದ್ದೀನಿ ಅಂತ ಹಾಲೂ ಇಳಿಸಿಕೊಂಡೆ. ಒಂದೇ ಏಟಿಗೆ ಎರಡು ಹಕ್ಕಿ!"

"ನಿನ್ನ ಹಕ್ಕಿಗೆ ಬೆಂಕಿ ಬಿತ್ತು! ಹುಟ್ಟು ತಗೊಂಡು ಓಡು!"

ಶೆಡ್ಡಿನಲ್ಲಿದ್ದ ಇನ್ನೊಂದೇ ದೋಣಿಗೆ ಕೂರುವ ಹಲಗೆ ಇರಲಿಲ್ಲ. ಮಂಡಿಯೂರಿ ಇಬ್ಬರೂ ಹುಟ್ಟು ಹಾಕಿದೆವು. ದಾರಿಯಲ್ಲೇ ಅವನಿಗೆ ವಿಷಯ ಹೇಳಿದೆ. ಅವನು ಬೇಕರಿ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದು ಆರು ತಿಂಗಳು. ನಿನ್ನೆ ನಾನು ಜ್ವರದಲ್ಲಿ ಮಲಗಿದ್ದಾಗ ಕುದಿಸಿದ್ದೂ ಮೆತ್ತಿದ್ದೂ ಅವನೇ. ಹಣ್ಣಿನ ಕಾಲದ ಮಾತನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಕೇಳಿದರೆ ಹೇಳೋಣ ಎಂದು ಕಾದಿದ್ದೆ. ನನ್ನ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಒಂದು ಸಲ ತಪ್ಪಲಿ, ಆಮೇಲೆ ತಿದ್ದೋಣ ಎಂಬ ಹುಳಿಯೂ ಅದರೊಳಗಿತ್ತು.

ನಡುನೀರಲ್ಲಿ ಅವರು ಸಿಕ್ಕರು. ದೋಣಿಯ ಅಂಚು ನೀರಿಗಿಂತ ಒಂದು ಗೇಣಷ್ಟೇ ಮೇಲಿತ್ತು. ಯಜಮಾನರು ಉಸಿರುಕಟ್ಟಿ ಹುಟ್ಟು ಎಳೆಯುತ್ತಿದ್ದರು. ಮಗಳು ತಳದಲ್ಲಿ ಕೂತು, ಬಾಯಿಬಿಟ್ಟ ಸಂದಿಗೆ ಹಿಮ್ಮಡಿ ಒತ್ತಿ, ಹಣ್ಣಿನ ಬೋಗುಣಿಯಿಂದ ನೀರು ಮೊಗೆಯುತ್ತಿದ್ದಳು.

"ಈ ಕಡೆ ಬಾರೇ!"

"ಹೇಗಮ್ಮಾ ಬರಲಿ? ಕಾಲು ತೆಗೆದರೆ ಅಪ್ಪನ ಸಮೇತ ಮುಳುಗುತ್ತೆ!"

ಅವಳ ತುಟಿ ಬೆಳ್ಳಗಾಗಿತ್ತು. ನಾನು ಏನಾದರೂ ಹೇಳುವ ಮೊದಲೇ ಅಳಿಯ ನೀರಿಗೆ ಧುಮುಕಿದ. ದೋಣಿಯ ಅಡಿಗೆ ಹೋಗಿ, ತಡಕಿ, ಹೊರಗಿನಿಂದ ಸಂದಿಗೆ ಅಂಗೈ ಒತ್ತಿದ. ಅವನ ಮೂಗು ಮಾತ್ರ ಮೇಲಿತ್ತು.

"ಈಗ ತೆಗಿ ಕಾಲು!" ಎಂದು ಮಗಳಿಗೆ ಕೂಗಿದೆ.

ತೆಗೆದಳು. ನೀರು ಜಿನುಗಿತು, ನುಗ್ಗಲಿಲ್ಲ. ಅವಳ ಎರಡೂ ತೋಳು ಹಿಡಿದು, ನನ್ನ ಉಸಿರನ್ನೂ ಹಿಡಿದು, ಈಚೆಗೆ ಎಳೆದುಕೊಂಡೆ. ಆಮೇಲೆ ಯಜಮಾನರನ್ನು.

"ಏನಾಯ್ತೇ? ಬುತ್ತಿ ಮರೆತು ಬಂದ್ವಾ?" ಎಂದರು ಅವರು, ಒದ್ದೆ ಪಂಚೆ ಹಿಂಡುತ್ತಾ.

ಮಗಳು ನಗುತ್ತಾ ಅತ್ತಳು, ಕೈ ಹೊಟ್ಟೆಯ ಮೇಲಿತ್ತು. "ಒದೀತಿದೆ" ಎಂದಳು. ಆಗ ನನಗೆ ಉಸಿರು ಬಂತು.

ಅಳಿಯ ಕೈಬಿಟ್ಟು ಈಜಿಬಂದು ನಮ್ಮ ದೋಣಿಯ ಅಂಚು ಹಿಡಿದುಕೊಂಡ. ಹಿಂದೆ ಆ ದೋಣಿ ಗುಳುಗುಳು ಎನ್ನುತ್ತಾ ತಳ ಸೇರಿತು.

"ಬೈಯೋದಿದ್ರೆ ಆಮೇಲೆ ಬೈಯಿರಿ, ಅತ್ತೆ" ಎಂದ, ಏದುಸಿರು ಬಿಡುತ್ತಾ. "ಇನ್ನೂ ಏನೇನು ಹೇಳಿಲ್ಲ, ಅದನ್ನ ಮೊದಲು ಹೇಳಿ."

ದಡ ಮುಟ್ಟುವವರೆಗೂ ಹೇಳಿದೆ. ಮುಟ್ಟಿದ ಮೇಲೂ ಮುಗಿದಿರಲಿಲ್ಲ.